ಸ್ಕ್ರೂ ಮೊದಲು, ಟೇಪು ಆಮೇಲೆ

ಸ್ವಿಚ್ಚಿನ ಸ್ಕ್ರೂಗಳ ಮೇಲೆ ಎರಡು ಸುತ್ತು ಟೇಪು ಬೀಳದೆ ಅದನ್ನು ಗೋಡೆಯ ಪೆಟ್ಟಿಗೆಯೊಳಗೆ ತಳ್ಳಲು ಸುಗನ್ಯಾಗೆ ಕೈಯೇ ಬರುತ್ತಿರಲಿಲ್ಲ. ಅವಳು ಹುಟ್ಟಿದ್ದು ಉಡುಮಲೈಪೇಟೆಯ ನೇಕಾರರ ಬೀದಿಯಲ್ಲಿ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ಬೀದಿಗೆ ಮೊದಲ ಮೋಟಾರು ಮಗ್ಗ ಬಂದಾಗ ಎಲ್ಲರೂ ಬಟ್ಟೆ ನೋಡಿದರೆ ಇವಳು ಮೋಟಾರಿಗೆ ಹೋದ ತಂತಿಯ ದಾರಿ ನೋಡುತ್ತ ನಿಂತಿದ್ದಳು. ಐಟಿಐ ಸೇರುತ್ತೇನೆ ಎಂದಾಗ ತಾಯಿ ಕುಪ್ಪಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಅರ್ಜಿಗೆ ಫೋಟೋ ತೆಗೆಸಲು ತಾನೇ ಕರೆದೊಯ್ದಳು.

ಕೊಯಮತ್ತೂರಿನಲ್ಲಿ ಅವಳ ಕೈ ಪಳಗಿಸಿದವರು ಅದೇ ನೇಕಾರರ ಬೀದಿಯಿಂದ ಬಂದ ಎಲೆಕ್ಟ್ರಿಷಿಯನ್ ಧನಪಾಲಣ್ಣ. ಹತ್ತು ವರ್ಷ ಜೊತೆಗೆ ದುಡಿದರೂ ಇಬ್ಬರ ನಡುವೆ ಒಂದು ಜಗಳ ಮುಗಿದಿರಲಿಲ್ಲ. ಸ್ಕ್ರೂ ಬಿಗಿಯಾಗಿದ್ದರೆ ಟೇಪು ಯಾಕೆ, ಅದು ಕೆಟ್ಟ ಕೆಲಸ ಮುಚ್ಚುವ ಮುಸುಕು ಎಂದು ಅವರು. ಗೋಡೆಯೊಳಗಿರುವುದು ಕಬ್ಬಿಣದ ಪೆಟ್ಟಿಗೆ, ತಂತಿಯ ಒಂದು ಎಳೆ ತಗುಲಿದರೂ ಆಪತ್ತು ಎಂದು ಇವಳು.

ಒಂದು ಶನಿವಾರ ಬೆಳಿಗ್ಗೆ ಕೊಯಮತ್ತೂರಿನ ಆರ್.ಎಸ್. ಪುರಂ ಬಡಾವಣೆಯಿಂದ ವಾರಿಜಾಕ್ಷಮ್ಮ ಫೋನು ಮಾಡಿದರು. ಮರುದಿನ ಅವರ ಯಜಮಾನರು ವ್ಯಾಸರಾಯರಿಗೆ ಎಂಬತ್ತರ ಶಾಂತಿ. ಅರವತ್ತು ಜನ ಬರುವವರಿದ್ದರು. ಅಡುಗೆಮನೆಯಲ್ಲಿ ಗ್ರೈಂಡರಿನ ಪ್ಲಗ್ ಚುಚ್ಚಿದರೆ ಸಾಕು, ಟ್ರಿಪ್ ಆಗಿ ಇಡೀ ಮನೆಯ ಕರೆಂಟು ಹೋಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಆ ಮನೆಯ ವೈರಿಂಗ್ ಮಾಡಿದ್ದವರು ಇವರಿಬ್ಬರೇ: ಕೆಳಗೆ ಧನಪಾಲಣ್ಣ, ಮಹಡಿಯಲ್ಲಿ ಸುಗನ್ಯಾ.

ಇಬ್ಬರೂ ಅಲ್ಲಿಗೆ ಹೋದರು. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಸುಗನ್ಯಾ ಅಡುಗೆಮನೆಯ ಪ್ಲಗ್ ಪಾಯಿಂಟ್ ಬಿಚ್ಚಿದಳು. ಸ್ಕ್ರೂವಿನಿಂದ ಹೊರಗುಳಿದ ಕೂದಲೆಳೆಯಂಥ ತಾಮ್ರದ ಎಳೆಯೊಂದು ಪೆಟ್ಟಿಗೆಯ ಗೋಡೆಯತ್ತ ಬಾಗಿತ್ತು. ಪ್ಲಗ್ ಒತ್ತಿದಾಗಲೆಲ್ಲ ಅದು ಕಬ್ಬಿಣ ಮುಟ್ಟುತ್ತಿತ್ತು. ಸುಗನ್ಯಾಗೆ ಕುಣಿಯುವಷ್ಟು ಖುಷಿ. ಹತ್ತು ವರ್ಷದ ವಾದ ಒಂದು ಎಳೆಯಲ್ಲಿ ಗೆದ್ದಿದ್ದಳು! ಟೇಪು ಸುತ್ತಿದ್ದರೆ ಹೀಗಾಗುತ್ತಿತ್ತೇ ಎಂದು ಮೂರು ಸಲ ಕೇಳಿದಳು.

ಧನಪಾಲಣ್ಣ ಮುಖ ಒರೆಸಿಕೊಂಡರು. "ಸರಿ ಅಮ್ಮಣಿ, ತಪ್ಪು ನಂದೇ. ಹಂಗೇ ಮೇಲೆ ಹೋಗಿ ನಿಂದೂ ಒಂದ್ ಬಿಚ್ಚಿ ನೋಡಣ."

ಅವಳು ಎರಡೆರಡು ಮೆಟ್ಟಿಲು ಹಾರುತ್ತ ಹತ್ತಿದಳು. ಬಚ್ಚಲಿನ ಹೀಟರ್ ಸ್ವಿಚ್ಚು ಬಿಚ್ಚಿ ಟೇಪು ಹಿಡಿದೆಳೆದರೆ ಅಂಟು ಕರಗಿ ಬೆರಳಿಗೆ ಜಿಗುಟಾಯಿತು. ಒಳಗೆ ಸ್ಕ್ರೂ ಸಡಿಲ; ತಂತಿಯ ತುದಿ ಇದ್ದಿಲಿನಂತೆ ಕಪ್ಪು. ಕೆಳಗಿನ ತಪ್ಪಿಗೆ ಕರೆಂಟಾದರೂ ಹೋಗಿ ಎಚ್ಚರಿಸಿತ್ತು. ಇದು ಸದ್ದಿಲ್ಲದೆ ಬೇಯುತ್ತಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಬೆಂಕಿ. ನಗುತ್ತಾರೇನೋ ಎಂದು ಅವಳು ಧನಪಾಲಣ್ಣನ ಮುಖ ನೋಡಿದಳು. ಅವರು ನಗಲಿಲ್ಲ.

"ಅಣ್ಣಾ, ಎಲ್ಲಾನೂ ಬಿಚ್ಚಣ," ಎಂದಳು. "ನಂದು ನೀವು ನೋಡಿ, ನಿಮ್ದು ನಾನ್ ನೋಡ್ತೀನಿ."

ಮನೆಯಲ್ಲಿ ಮೂವತ್ತೆಂಟು ಬೋರ್ಡು. ಮಾವಿನೆಲೆ ಕಟ್ಟುವವರು ಒಳಬರುವ ಹೊತ್ತಿಗೆ ಅವರು ಏಣಿಯೊಡನೆ ಓಡಾಡುತ್ತಿದ್ದರು. ಒಬ್ಬರು ಬಿಗಿದದ್ದನ್ನು ಇನ್ನೊಬ್ಬರು ಜಗ್ಗಿ ನೋಡಬೇಕು. ತಂತಿ ಅಲುಗದಿದ್ದರೆ ಮಾತ್ರ ಮುಂದೆ. ಕಬ್ಬಿಣದ ಪೆಟ್ಟಿಗೆಯಾದರೆ ಒಳ್ಳೆಯ ಟೇಪು ಒಂದು ಸುತ್ತು. ಪ್ಲಾಸ್ಟಿಕ್ ಪೆಟ್ಟಿಗೆಯಾದರೆ ಬೇಡ. ಹೀಟರಿನ ಸುಟ್ಟ ತುದಿ ಕತ್ತರಿಸಿ ಹೊಸ ಸ್ವಿಚ್ಚು ಕೂರಿಸಿದರು. ಇನ್ನೂ ಎರಡು ಕಡೆ ಅವಳ ಸ್ಕ್ರೂ ಸಡಿಲ ಸಿಕ್ಕಿತು, ಒಂದು ಕಡೆ ಅವರದು. ಪ್ರತಿ ಸಲ ಮಹಡಿಯಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ ಒಬ್ಬರಿಗೊಬ್ಬರು ಕೂಗಿ ಹೇಳಿದರು.

ಸಂಜೆ ನಾಲ್ಕಕ್ಕೆ ಮೇನ್ ಹಾಕಿದರು. ವಾರಿಜಾಕ್ಷಮ್ಮ ಗ್ರೈಂಡರು, ಮಿಕ್ಸಿ ಎರಡನ್ನೂ ಒಟ್ಟಿಗೆ ತಿರುಗಿಸಿದರು. ಸುಗನ್ಯಾ ಮಹಡಿಯಲ್ಲಿ ಹೀಟರು ಹಾಕಿದಳು. ಕರೆಂಟು ಹೋಗಲಿಲ್ಲ. ವ್ಯಾಸರಾಯರು ಕುರ್ಚಿಯಿಂದಲೇ ಚಪ್ಪಾಳೆ ತಟ್ಟಿದರು.

"ನಾಳೆ ಇಬ್ರೂ ಊಟಕ್ಕೆ ಬರ್ಬೇಕು," ಎಂದರು ವಾರಿಜಾಕ್ಷಮ್ಮ. "ಸ್ಕ್ರೂಡ್ರೈವರ್ ಮನೇಲೇ ಇಟ್ಟು ಬನ್ನಿ."

ಸೋಮವಾರ ಪೀಳಮೇಡಿನ ಹೊಸ ಕಟ್ಟಡದಲ್ಲಿ ಕೆಲಸ. ಧನಪಾಲಣ್ಣ ಬರುವಾಗ ತಾವೇ ಒಂದು ಡಜನ್ ಟೇಪು ತಂದಿದ್ದರು. ಸುಗನ್ಯಾ ಮೊದಲ ಸ್ವಿಚ್ಚು ಬಿಗಿದು, ಟೇಪು ಮುಟ್ಟದೆ, ಜಗ್ಗಿ ನೋಡಲೆಂದು ಅವರ ಮುಂದೆ ಹಿಡಿದಳು.