ಸಿದ್ಧಲಿಂಗನ ಜೀಪು

ಮಹಾಗಾಂವದ ಶುಭಾಂಗಿಗೆ ಗಂಡನ ದಾರಿ ಕಾಯುವುದು ಹದಿನೇಳು ವರ್ಷದ ರೂಢಿ. ಅದನ್ನು ಬರೆಯುವುದು ನಾಲ್ಕು ವರ್ಷದ್ದು. ಸಂಕೇಶ್ವರದ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಮೊಬೈಲಿನ ಮೇಲೆ ಹೆಬ್ಬೆರಳು ಆಡಿಸುತ್ತ ‘ಫೌಜಿಯ ಮನೆಯಾಕೆ’ ಎಂಬ ಬ್ಲಾಗು ನಡೆಸುತ್ತಿದ್ದಳು. ಪತಿ ಹಿಮದಲ್ಲಿ ನಿಂತಿರುವಾಗ ತನಗೆ ಕಂಬಳಿ ಯಾಕೆ ಎಂದು ಒಂದು ಚಳಿಗಾಲ ಬರೆದಳು. ಓದಿದವರು ಅತ್ತರು. ಪತಿ ಸಿದ್ಧಲಿಂಗ ಆಗ ಜಬಲಪುರದ ಉಗ್ರಾಣವೊಂದರಲ್ಲಿ ಎಡಬಲ ನೋಡಿ ಬೂಟಿನ ಜೋಡಿ ಹೊಂದಿಸುತ್ತಿದ್ದ. ಮನೆಯಲ್ಲಿದ್ದ ಕಂಬಳಿಗಳು ಎರಡೂ ಶುಭಾಂಗಿಯ ಮೈಮೇಲೇ ಇದ್ದವು.

ಸಿದ್ಧಲಿಂಗನಿಗೆ ಇದ್ದದ್ದು ಒಂದೇ ಆಸೆ: ಜೀಪು. ನಿವೃತ್ತನಾದ ಸೈನಿಕನನ್ನು ಬಸ್‌ಸ್ಟ್ಯಾಂಡಿನಿಂದ ತೆರೆದ ಜೀಪಿನಲ್ಲಿ ನಿಲ್ಲಿಸಿ, ಗುಲಾಲು ಎರಚಿ, ಹಲಗಿ ಬಡಿಯುತ್ತ ಮನೆಗೆ ತರುವುದು ಆ ಕಡೆಯ ಊರುಗಳ ಪದ್ಧತಿ. ಬಾಗಿಲಲ್ಲಿ ತಾಯಿ ಆರತಿ ಎತ್ತಬೇಕು. ರಜೆಗೆ ಬಂದಾಗಲೆಲ್ಲ ಬೇರೆಯವರ ಜೀಪಿನ ಮುಂದೆ ಕುಣಿದು ಅವನ ಚಪ್ಪಲಿ ಎಷ್ಟೋ ಸಲ ಹರಿದಿದ್ದವು. ಈಗ ಅವನ ಪಾಳಿ. ಫೆಬ್ರವರಿ ಕೊನೆಗೆ ಸೇವೆ ಮುಗಿಯುವುದಿತ್ತು.

ಆದರೆ ಮಾರ್ಚ್ ಎಂಟಕ್ಕೆ ಗಡಹಿಂಗ್ಲಜದ ಮಹಿಳಾ ಮಂಡಳಿಯೊಂದು ಶುಭಾಂಗಿಗೆ ಶಾಲು ಹೊದಿಸುವುದೂ ಇತ್ತು. ಗಡಿಯಲ್ಲಿರುವ ಪತಿಗಾಗಿ ಕಾಯುವ ವೀರಪತ್ನಿ ಎಂದು ಕರೆಯೋಲೆಯಲ್ಲಿ ಅಚ್ಚಾಗಿತ್ತು.

“ಎಂಟ್ ದಿನಾ ತಡದ ಬರ್ರಿ,” ಎಂದಳು ಫೋನಿನಲ್ಲಿ.

“ಯಾಕ?”

“ನೀವು ಮನ್ಯಾಗ ಕಾಲ್ ಚಾಚಿ ಕುಂತ್ರ, ಸ್ಟೇಜ್ ಮ್ಯಾಲ ನಿಂತ ನಾ ಯಾರ ದಾರಿ ಕಾಯ್ಲಿ?”

“ಮತ್ತ ಜೀಪು?”

“ಜೀಪ್ ಎಲ್ಲಿ ಓಡಿ ಹೋಗತೈತ್ರೀ? ಒಂಬತ್ತಕ್ಕ ಇಡಸ್ತೇನಿ.”

ಹುಕುಂ ಪಾಲಿಸಿಯೇ ಹದಿನೇಳು ವರ್ಷ ಕಳೆದವನು. ಟ್ರಂಕು ಹೊತ್ತು ಇಚಲಕರಂಜಿಯಲ್ಲಿ ಇಳಿದು, ಮಗ್ಗದ ಕೆಲಸಗಾರರ ಖೋಲಿಯೊಂದರಲ್ಲಿ ಮಂಚ ಹಿಡಿದ. ಕಾಗದಪತ್ರ ತಡವಾಗಿವೆ, ಇನ್ನೂ ಗಡಿಯಲ್ಲೇ ಇದ್ದಾರೆ ಎಂದು ಶುಭಾಂಗಿ ಊರಿಗೂ ಅತ್ತೆಗೂ ಹೇಳಿದಳು. ಬ್ಲಾಗಿನಲ್ಲಿ ಗುಂಡಿನ ಸದ್ದನ್ನೂ ಸೇರಿಸಿದಳು.

ಮಹಾಗಾಂವದಿಂದ ಹೋಗಿ ಅಲ್ಲೇ ಮಗ್ಗ ನಡೆಸುತ್ತಿದ್ದ ಹಣಮಪ್ಪ, ಎಂಟರ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಸಿದ್ಧಲಿಂಗನನ್ನು ಕಂಡ. ಲುಂಗಿ, ಬನಿಯನ್ನು, ಕೈಯಲ್ಲಿ ಚಹಾ ಸುರಿದ ಬಶಿ. ಊರಿನ ಹುಲಿ ಸಿಕ್ಕ ಖುಷಿಗೆ ಫೋಟೊ ಹೊಡೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ: “ನಮ್ಮ ಫೌಜಿ ಇಲ್ಲೇ ಅದಾನ್ರೆಪಾ! ಒಂದ್ ವಾರ ಆತಂತ!”

ಶಾಲು ಹೊದಿಸಿ ಇನ್ನೂ ಚಪ್ಪಾಳೆ ನಿಂತಿರಲಿಲ್ಲ. ಮುಂದಿನ ಸಾಲಿನಿಂದ ಸಿದ್ದರಾಯ ಎದ್ದ. ಊರಿನ ತರುಣ ಮಂಡಳಿಯ ಮುಖಂಡ, ಜೀಪು ಗೊತ್ತು ಮಾಡಿದವನೂ ಅವನೇ. ಮೊಬೈಲನ್ನು ಮೇಲಕ್ಕೆ ಹಿಡಿದ.

“ವೈನಿ, ಸಿದ್ಧಲಿಂಗಣ್ಣಾ ಬಾರ್ಡರ್‌ದಾಗ ಇಲ್ಲೇನ್ರೀ? ಇಚಲಕರಂಜ್ಯಾಗ ಲುಂಗಿ ಉಟ್ಟ ಕುಂತಾನಲಾ?”

ನಿವೃತ್ತಿಯಾಗಿದೆ, ನಾನೇ ತಡೆದೆ ಎಂದರೆ ಮುಗಿಯುತ್ತಿತ್ತು, ಶಾಲೂ ಮುಗಿಯುತ್ತಿತ್ತು. ಶುಭಾಂಗಿ ಶಾಲಿನ ಅಂಚು ಹಿಡಿದಳು. ಅಳು ಅವಳಿಗೆ ನಾಲ್ಕು ವರ್ಷದಿಂದ ಕೈವಶವಾಗಿತ್ತು.

“ನನಗೇನೂ ಗೊತ್ತಿಲ್ರೀ. ಬಾರ್ಡರ್‌ದಾಗ ಅದೇನಿ ಅಂತ ನಿನ್ನಿನೂ ಫೋನ್ ಮಾಡ್ಯಾರ...”

ಸಭೆ ಕರಗಿತು. ಅಧ್ಯಕ್ಷೆ ಬಂದು ತಬ್ಬಿಕೊಂಡರು. ಫೌಜು ಬಿಟ್ಟು ಓಡಿ ಬಂದು ಹೆಂಡತಿಗೂ ಸುಳ್ಳು ಹೇಳಿದ ಗಂಡನ ಸುದ್ದಿ, ಶುಭಾಂಗಿಗಿಂತ ಮೊದಲೇ ಮಹಾಗಾಂವ ಮುಟ್ಟಿತು.

ಒಂಬತ್ತರ ಮಧ್ಯಾಹ್ನ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಸಿದ್ಧಲಿಂಗ ಬಸ್ಸಿಳಿದ. ಅರ್ಧ ಗಂಟೆ ನಿಂತ. ಜೀಪು ಯಾರದೋ ಮದುವೆಗೆ ಹೋಗಿತ್ತು. ಟ್ರಂಕು ಹೊತ್ತು ನಡೆದ. ಕಟ್ಟೆಯ ಮೇಲಿದ್ದವರು ಕಾಲು ಮಡಚಲಿಲ್ಲ.

ಬಾಗಿಲಲ್ಲಿ ತಾಯಿ ಯಮುನಾಬಾಯಿ ಬರಿಗೈಯಲ್ಲಿ ನಿಂತಿದ್ದಳು.

“ಖರೇ ಹೇಳಪಾ. ಓಡಿ ಬಂದಿ?”

ಸಿದ್ಧಲಿಂಗ ಅಲ್ಲೇ ಕುಳಿತು ಟ್ರಂಕು ತೆರೆದ. ಬಿಡುಗಡೆಯ ಪುಸ್ತಕ ಮೇಲೇ ಇತ್ತು. ಮೊಹರು, ಸಹಿ, ನಡತೆ ಉತ್ತಮ ಎಂಬ ಷರಾ. ಒಳಗಿನಿಂದ ಬಂದ ಶುಭಾಂಗಿ ಬಗ್ಗಿ ಅದರ ಮೇಲೆ ಕೈಯಿಟ್ಟಳು.

“ಇದನ್ನ ತೋರ್ಸಿದ್ರ ನಾ ಸುಳ್ಳಬುರಕಿ ಆಗ್ತೇನಲ್ರೀ,” ಎಂದು ಕಿವಿಯಲ್ಲಿ ಅಂದಳು. “ಮಂದಿ ಮರೀಲಿ. ತಡೀರಿ ಸ್ವಲ್ಪ.”

“ಜೀಪ್ ಮತ್ತ ಬರೂದಿಲ್ಲಲಾ?”

“ಇಲ್ರೀ.”

“ಹಂಗಾರ ತೋರ್ಸಿ ಏನ್ ಮಾಡೂದೈತಿ,” ಎಂದು ಅವನೂ ಅಷ್ಟೇ ಮೆಲ್ಲಗೆ ಅಂದು ಟ್ರಂಕು ಮುಚ್ಚಿದ. ಮುಚ್ಚಿದ ಟ್ರಂಕನ್ನೇ ಉತ್ತರವೆಂದುಕೊಂಡು ತಾಯಿ ಒಳಗೆ ಹೋದಳು.

ಶುಭಾಂಗಿಯ ಮೊಬೈಲು ಆಗಿಂದ ಗುಂಯ್‌ಗುಡುತ್ತಲೇ ಇತ್ತು. ಓದುಗರು ಧೈರ್ಯ ಹೇಳುತ್ತಿದ್ದರು, ಮುಂದೇನಾಯಿತು ಎಂದು ಕೇಳುತ್ತಿದ್ದರು. ಇಷ್ಟು ಜನ ಯಾವತ್ತೂ ಬಂದಿರಲಿಲ್ಲ. ಎದ್ದು ಹೋಗುತ್ತಿದ್ದ ಗಂಡನನ್ನು ಅವಳು ತಡೆದಳು.

“ಅಲ್ಲೇ ಕುಂದರ್ರಿ, ಟ್ರಂಕ್ ಮ್ಯಾಲ. ಬೆಳಕ ಚಲೋ ಐತಿ. ತಲಿ ಬಗ್ಗಸ್ರೀ.”

ಸಿದ್ಧಲಿಂಗ ಬಗ್ಗಿಸಿದ.

“ಇಷ್ಟ ಸಾಕ?”

ಅವಳು ಮೊಬೈಲಿನಲ್ಲಿ ನೋಡಿದಳು.

“ಇನ್ನ ಸ್ವಲ್ಪ.”