ಬಾವಿ ಇಳಿಯದವನ ಲೆಕ್ಕ

ನಮ್ಮ ಮಾಸ್ತರರ ಎಡಗಾಲು ಮಡಚುತ್ತಿರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಸ್ಟೂಲಿನ ಮೇಲೆ ಕೂತಾಗ ಅದನ್ನು ಬಡಿಗೆಯ ಹಾಗೆ ಉದ್ದಕ್ಕೆ ಚಾಚಿಕೊಳ್ಳುತ್ತಿದ್ದರು. ಲ್ಯಾಬಿನಲ್ಲಿ ಓಡಾಡುವ ನಾವು ಸುತ್ತು ಹಾಕಿ ಹೋಗಬೇಕಾಗುತ್ತಿತ್ತು. ಪ್ಯಾಂಟು ತುಸು ಮೇಲೆ ಸರಿದರೆ ಕಣಕಾಲಿನ ಸುತ್ತ ನಾಣ್ಯದಗಲದ ಐದಾರು ಕಲೆಗಳು ಕಾಣುತ್ತಿದ್ದವು. ಅವು ನಾರುಹುಣ್ಣಿನ ಕಲೆಗಳೆಂದು ಹೈದರಾಬಾದಿನ ಹುಡುಗರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿದಿತ್ತು. ನಮ್ಮ ಶಹಾಪುರದ ಕಡೆ ಬೇಸಿಗೆ ಬಂತೆಂದರೆ ಜನರ ಕಾಲಿನಿಂದ ಬಿಳಿ ದಾರದಂಥ ಹುಳ ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕಿಷ್ಟು ದಿನಕ್ಕಿಷ್ಟು ಎಳೆಯುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದವರನ್ನು ನೋಡಿಯೇ ನಾನು ಬೆಳೆದೆ.

ನಿಜಾಮರ ಆಳ್ವಿಕೆ ಮುಗಿದಿತ್ತು. ನಮ್ಮ ಜಿಲ್ಲೆ ಇನ್ನೂ ಕನ್ನಡ ನಾಡಿಗೆ ಸೇರಿರಲಿಲ್ಲ. ಕಾಲೇಜಿನಲ್ಲಿ ಉರ್ದು ಹೋಗಿ ಇಂಗ್ಲಿಷ್ ಬರುತ್ತಿದ್ದ ವರ್ಷಗಳು ಅವು. ಉರ್ದುವಿನಲ್ಲಿ ಓದಿ ಬಂದ ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಪಾಠ ತಿಳಿಯದೆ, ಬಿಟ್ಟು ಊರಿಗೆ ಹೋಗುವ ಧೈರ್ಯವೂ ಇಲ್ಲದೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ನಮ್ಮ ಕೇರಿಯಿಂದ ಕಾಲೇಜಿಗೆ ಹೋದ ಮೊದಲಿಗ ನಾನು. ಸೋತು ಮರಳಿದರೆ ನನ್ನ ಹಿಂದೆ ಕೇರಿಯ ಇನ್ಯಾರನ್ನೂ ಓದಲು ಕಳಿಸುವುದಿಲ್ಲ ಎಂಬ ಹೆದರಿಕೆ ಎದೆಯ ಮೇಲೆ ಕಲ್ಲಿನಂತಿತ್ತು.

ಈ ಪ್ರಾಣಿಶಾಸ್ತ್ರದ ಮಾಸ್ತರರು ಸುರಪುರದವರು. ನಾನು ಯಾರೊಂದಿಗೋ ಆಡಿದ ಮಾತು ಕಿವಿಗೆ ಬಿದ್ದು ಒಮ್ಮೆ ನಿಂತರು. ಯಾವ ಊರು ಎಂದು ಕೇಳಿದರು. ಹೇಳಿದೆ. ಅಷ್ಟು ದೂರದಲ್ಲಿ ನಮ್ಮ ಕಡೆಯವರು ಸಿಕ್ಕರೆ ಊರಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತು, ಯಾವ ಪೈಕಿಯವರೆಂದು. ಅದಕ್ಕೆ ಉತ್ತರ ಕೊಟ್ಟ ಮೇಲೆ ಕೇಳಿದವರ ಮುಖ ಹೇಗೆ ಬದಲಾಗುತ್ತದೆಂದು ನನಗೆ ಗೊತ್ತಿತ್ತು. ಇವರು ಅದನ್ನು ಕೇಳಲೇ ಇಲ್ಲ.

"ನಿಮ್ಮೂರಾಗ ಮೆಟ್ಲ ಬಾವಿ ಅದ ಏನು?" ಎಂದರು.

ಹೀಗೆ ನಾನು ಅವರ ಕೆಲಸಕ್ಕೆ ಸೇರಿದೆ. ಹುಣ್ಣಿನ ಕಾಲು ನೀರಿಗಿಟ್ಟಾಗ ಹೊರಬಿದ್ದ ಹುಳದ ಮರಿ ಆ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಒಂಟಿಗಣ್ಣಿನ ಜೀವಿಯ ಹೊಟ್ಟೆ ಸೇರುತ್ತದೆ; ಆ ನೀರು ಕುಡಿದವರಿಗೆ ವರ್ಷದ ಮೇಲೆ ಹುಣ್ಣು ಏಳುತ್ತದೆ. ಬೇಸಿಗೆ ರಜೆಯಲ್ಲಿ ನಾನು ವಾರಕ್ಕೊಮ್ಮೆ ಬಾವಿಯ ಕೊನೆಯ ಮೆಟ್ಟಿಲಿನಿಂದ ಒಂದು ಕೊಡ ನೀರು ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಉಳಿದ ಸೈಕ್ಲಾಪ್ಸ್‌ಗಳನ್ನು ಭೂತಗನ್ನಡಿಯಿಂದ ಎಣಿಸಬೇಕು. ಹುಣ್ಣು ಇದ್ದವರ ಮನೆಗಳನ್ನೂ ಬರೆದುಕೊಳ್ಳಬೇಕು. ಅವರು ಒಂದು ನೋಟುಬುಕ್ಕು ಕೊಟ್ಟರು. ಪೆನ್ಸಿಲ್ ಕೊಡಲಿಲ್ಲ. ಅಳಿಸುವ ಚಟ ಇರುವವನು ಈ ಕೆಲಸಕ್ಕೆ ಬರಬಾರದು ಎನ್ನುತ್ತ ಮಸಿಯ ಪೆನ್ನು ಕೈಗಿಟ್ಟರು. "ಕಂಡದ್ದು ಬರಿ. ಕಾಣದ್ದು ಕಂಡಿಲ್ಲ ಅಂತ ಬರಿ" ಎಂಬುದು ದಿನಕ್ಕೆ ಹತ್ತು ಸಲ ಅವರ ಬಾಯಲ್ಲಿ ಬರುತ್ತಿತ್ತು.

ಆ ಬಾವಿಯ ಮೆಟ್ಟಿಲು ಇಳಿಯಲು ನಮ್ಮ ಕೇರಿಯವರಿಗೆ ಬಿಡುವುದಿಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ, ಜಾತಿ ಕೇಳದ ಒಂದೇ ಒಂದು ಜಾಗವನ್ನೂ ನನ್ನ ಕೈಯಾರೆ ಕಳೆದುಕೊಂಡಂತಾಗುತ್ತದೆ ಅನಿಸಿತು.

ಯಾದಗಿರಿಯಲ್ಲಿ ರೈಲು ಇಳಿದು ಊರು ಮುಟ್ಟುವವರೆಗೂ ಏನಾದರೂ ದಾರಿ ಸಿಗುತ್ತದೆಂದುಕೊಂಡೆ. ಮೊದಲ ಸೋಮವಾರ ಬಾವಿಯಿಂದ ದೂರ, ಜಾಲಿಗಿಡದ ಕೆಳಗೆ ನಿಂತು ಬೇಡಿಕೊಂಡೆ. ಒಬ್ಬ ಮುದುಕಿ ಮೇಲಿನಿಂದ ನನ್ನ ಕೊಡಕ್ಕೆ ನೀರು ಸುರಿದಳು. ಎಣಿಸಿ ಬರೆದೆ. ಮುಂದಿನ ವಾರ ಅವಳ ಮಗ ಬೇಡವೆಂದ. ನಮ್ಮ ಅಪ್ಪನನ್ನು ಕರೆಸಿ, ಕಲಿತ ಮಗನಿಗೆ ಬಾವಿಯ ಹತ್ತಿರ ಏನು ಕೆಲಸ ಎಂದು ವಿಚಾರಿಸಿದ. ಅಪ್ಪ ದುಡಿಯುತ್ತಿದ್ದುದು ಊರ ಗೌಡರ ಹೊಲದಲ್ಲಿ. ಇನ್ನು ಆ ಕಡೆ ಹೋಗಬೇಡವೆಂದು ನನ್ನ ಮುಖ ನೋಡದೆ ಹೇಳಿದ.

ಬಾವಿಗೆ ಇಳಿಯುವ ಹಾಗಿಲ್ಲ, ಇಳಿಯಲಿಲ್ಲ ಎಂದು ಮಾಸ್ತರರಿಗೆ ಬರೆಯುವ ಹಾಗಿಲ್ಲ. ಗುಡಿಸಲಿನಲ್ಲಿ ನೋಟುಬುಕ್ಕು ತೆರೆದುಕೊಂಡು ಮಧ್ಯಾಹ್ನವಿಡೀ ಕೂತೆ. ಕೊನೆಗೆ ಮೊದಲ ವಾರದ ಸಂಖ್ಯೆಯ ಕೆಳಗೆ ಅದಕ್ಕಿಂತ ಎರಡು ಹೆಚ್ಚಿಗೆ ಬರೆದೆ. ಮರುವಾರ ಒಂದು ಕಡಿಮೆ. ಅದರ ಮರುವಾರ ಮತ್ತೆ ಎರಡು ಹೆಚ್ಚಿಗೆ. ಪ್ರತಿ ಸಲ ಕಾರ್ಡಿನಲ್ಲಿ ಬರೆದು ಹೈದರಾಬಾದಿಗೆ ಕಳಿಸಿದೆ. ಟಪಾಲು ಡಬ್ಬಿಗೆ ಹಾಕಿದ ಮೇಲೆ ಕೈ ತೊಳೆದುಕೊಳ್ಳಬೇಕು ಅನಿಸುತ್ತಿತ್ತು. ಮನೆ ಮನೆಯ ಹುಣ್ಣಿನ ಲೆಕ್ಕವನ್ನು ಮಾತ್ರ ದೂರದಿಂದಲೇ ಕೇಳಿ, ನೋಡಿ, ಸರಿಯಾಗಿ ಬರೆದಿದ್ದೆ.

ಐದನೆಯ ವಾರ, ತಿಳಿಸದೆ, ಚಕ್ಕಡಿ ಗಾಡಿ ಮಾಡಿಕೊಂಡು ಮಾಸ್ತರರೇ ಬಂದರು. ಕೇಳುತ್ತ ಕೇಳುತ್ತ ನಮ್ಮ ಕೇರಿಗೇ ಬಂದರು. ಚಕ್ಕಡಿಯಿಂದ ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಡುತ್ತಿರುವುದನ್ನು ಕಂಡಾಗ ನನಗೆ ಓಡಿಹೋಗಬೇಕು ಅನಿಸಿತು. ಓಡುವುದಾದರೂ ಎಲ್ಲಿಗೆ?

ಅವ್ವ ಹಾಸಲು ಏನೂ ಇಲ್ಲದೆ ಗೋಣಿಚೀಲ ಹಾಸಿದಳು. ಅವರು ನೀರು ಕೇಳಿದರು. ಕೊಡಬೇಕೋ ಬೇಡವೋ ತಿಳಿಯದೆ ನಿಂತಳು. ನಾನೇ ಚರಿಗೆಯಲ್ಲಿ ತಂದುಕೊಟ್ಟೆ. ಅವರು ಜೇಬಿನಿಂದ ಬಟ್ಟೆ ತೆಗೆದು ಸೋಸಿದರು. ಅವ್ವನ ಮುಖ ಸಣ್ಣದಾಯಿತು. ಅವರು ಅದನ್ನು ಗಮನಿಸದೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದರು. ಮತ್ತೆ ನೋಡಿದರು. ಗಟಗಟನೆ ಕುಡಿದು, "ಈ ನೀರು ಎಲ್ಲೀದವ್ವಾ?" ಎಂದು ಕೇಳಿದರು.

"ಹಳ್ಳದ ಉಸುಕಿನಾಗ ತಗ್ಗ ತೋಡಿ ತುಂಬ್ಕೊಂಡ ಬರ್ತೀವ್ರಿ. ನಮಗ ಬಾವಿ ಇಲ್ರಿ" ಎಂದಳು ಅವ್ವ.

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ನೋಟುಬುಕ್ಕು ಕೇಳಿ ಆ ಪುಟ ತೆಗೆದರು.

"ಹುಳ ಹಿಂಗ ಸಾಲು ಹಿಡದು ನಿಲ್ಲಂಗಿಲ್ಲ ತಮ್ಮಾ. ಕಾರ್ಡು ನೋಡಿದಾಗೇ ಗೊತ್ತಾತು. ಯಾಕಂತ ಗೊತ್ತಾಗಿದ್ದಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಹೇಳಿ, ಪುಟ ಹರಿಯಲು ಕೈಹಾಕಿದೆ. ಅವರು ಮಣಿಕಟ್ಟು ಹಿಡಿದುಕೊಂಡರು.

"ಹರೀಬ್ಯಾಡ. ಒಂದು ಗೆರಿ ಎಳಿ, ಕೆಳಗಿಂದು ಓದಾಕ ಬರಬೇಕು. ಬಾಜೂಕ ಬರಿ, ಇವು ನಾ ಎಣಿಸಿದ್ದಲ್ಲ, ನನಗ ಬಾವಿ ಇಳಿಯಾಕ ಬಿಡಂಗಿಲ್ಲ ಅಂತ."

"ಅದನ್ನೂ ಬರೀಬೇಕೇನ್ರಿ ಸರ್?"

"ನೀ ಮಾಡಿದ್ದು ತಪ್ಪು. ಅದನ್ನ ಬರಿ. ನಿನಗ ಮಾಡಿದ್ದೂ ಬರಿ."

ಅವರು ಹೇಳಿದಂತೆ ಬರೆದೆ. ಕೆಳಗೆ ಸಹಿ ಮಾಡಿಸಿದರು. ಆಮೇಲೆ ಮನೆಗಳ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸುತ್ತ ಹೋಗಿ, ಅದನ್ನು ನನ್ನ ಕಡೆ ತಿರುಗಿಸಿದರು. ಊರೊಳಗೆ ಹೆಚ್ಚುಕಡಿಮೆ ಮನೆಗೊಬ್ಬರಿಗೆ ಹುಣ್ಣು. ನಮ್ಮ ಕೇರಿಯಲ್ಲಿ ಹುಡುಕಿದರೆ ಒಬ್ಬಿಬ್ಬರು. ಉಸುಕಿನಲ್ಲಿ ಸೋಸಿ ಬಂದ ನೀರಲ್ಲಿ ಆ ಜೀವಿ ಇರಲಿಲ್ಲ. ಬಾವಿಯಿಂದ ನಮ್ಮನ್ನು ಹೊರಗಿಟ್ಟಿದ್ದರಿಂದಲೇ ನಾವು ಉಳಿದುಕೊಂಡಿದ್ದೆವು. ನಾನೇ ಬರೆದ ಪಟ್ಟಿಯಲ್ಲಿ ಅದು ನನಗೆ ಕಂಡಿರಲಿಲ್ಲ.

ಆ ಸಂಜೆ ಅವರೊಬ್ಬರೇ ಪಕ್ಕವಾಲಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಾವಿಯ ನೀರು ತಂದರು. ಗೌಡರನ್ನೂ ಹಿರಿಯರನ್ನೂ ಕೂಡಿಸಿ ಸೋಸಿದ ಬಟ್ಟೆಯನ್ನೂ ಮನೆಗಳ ಪಟ್ಟಿಯನ್ನೂ ತೋರಿಸಿದರು. ಮೆಟ್ಟಿಲು ಮುಚ್ಚಿಸಿ ರಾಟೆ ಹಾಕಿಸಿ, ಹುಣ್ಣಿನ ಕಾಲು ನೀರಿಗೆ ತಾಗದಂತೆ ನೋಡಿಕೊಳ್ಳಿ ಎಂದರು. ಗೌಡರು ಮರ್ಯಾದೆಯಿಂದಲೇ ಕೇಳಿಸಿಕೊಂಡು, ಅಜ್ಜ ಮುತ್ತಜ್ಜ ಕುಡಿದ ನೀರು ಎಂದು ಮಾತು ಮುಗಿಸಿದರು. ಮರುದಿನ ಬೆಳಗ್ಗೆ ಊರ ಮಾತೇ ಬೇರೆಯಾಗಿತ್ತು. ಕೇರಿಯ ಹುಡುಗ ನೀರಿಗೆ ಏನೋ ಹಾಕಿದ್ದಾನೆ, ಅದಕ್ಕೇ ಕೇರಿಯವರಿಗೆ ಹುಣ್ಣಿಲ್ಲ ಎಂದು.

ಅಪ್ಪ ಹೊಲದಿಂದ ಬರಿಗೈಯಲ್ಲಿ ಮರಳಿ ಬಂದ. ನಾಳೆಯಿಂದ ಬರಬೇಡ ಅಂದರಂತೆ. ನಾನು ಊರಲ್ಲೇ ಉಳಿಯುತ್ತೇನೆಂದೆ. ಅಪ್ಪ ನನ್ನ ಚೀಲವನ್ನು ತಾನೇ ಚಕ್ಕಡಿಗೆ ಇಟ್ಟ. "ನೀ ಇದ್ದರ ಇನ್ನಷ್ಟ ಆಗ್ತದ. ಹೋಗು" ಎಂದ. ಮಾಸ್ತರರು ತಲೆ ತಗ್ಗಿಸಿ ಕೂತಿದ್ದರು. ಅದೇ ಚಕ್ಕಡಿಯಲ್ಲಿ ಇಬ್ಬರೂ ಯಾದಗಿರಿ ಸ್ಟೇಷನ್ನಿಗೆ ಬಂದೆವು. ಆ ಮಳೆಗಾಲ ಅಪ್ಪ ಅವ್ವ ಊರು ಬಿಟ್ಟು ಯಾದಗಿರಿಗೆ ಬಂದರು. ಅಪ್ಪ ಹತ್ತಿ ಮಿಲ್ಲಿನಲ್ಲಿ ಮೂಟೆ ಹೊತ್ತ. ನನ್ನ ಮೇಲೆ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಹಾಗಾಗಿಯೇ ಆ ಭಾರ ಇನ್ನೂ ಇಳಿದಿಲ್ಲ.

ಭಾಷೆಯ ಮೇಲೆ ರಾಜ್ಯಗಳು ಬೇರೆಯಾದಾಗ ಮಾಸ್ತರರು ನಮ್ಮ ಕಡೆಗೇ ವರ್ಗ ಮಾಡಿಸಿಕೊಂಡರು. ಲೆಕ್ಚರರ್ ಆಗಿ ಸೇರಿದವರು ಲೆಕ್ಚರರ್ ಆಗಿಯೇ ನಿವೃತ್ತರಾದರು. ಅವರ ಶಿಷ್ಯರೇ ಅವರ ಮೇಲಿನ ಹುದ್ದೆಗಳಿಗೆ ಬಂದು ಕೂತರು. ನಾನು ಆರೋಗ್ಯ ಇಲಾಖೆ ಸೇರಿ ಊರೂರು ತಿರುಗಿ ನೀರು ಪರೀಕ್ಷೆ ಮಾಡಿದೆ. ಮಾಸ್ತರರನ್ನು ಕಂಡಾಗಲೆಲ್ಲ, ಆ ಬಾವಿಯ ಲೆಕ್ಕದ ಮೇಲೆ ಅವರು ವಿಜ್ಞಾನ ಪತ್ರಿಕೆಗೆ ಬರೆದ ನಮ್ಮ ಲೇಖನ ಏನಾಯಿತೆಂದು ಕೇಳುತ್ತಿದ್ದೆ. "ಬರ್ತದ ತಗೋ, ಅವಸರ ಯಾಕ" ಎನ್ನುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ತಿಳಿದು ಸುರಪುರಕ್ಕೆ ಹೋದಾಗ ಮಣ್ಣು ಮುಗಿದಿತ್ತು. ಅವರ ಹೆಂಡತಿ ಒಂದು ಕಾಗದದ ಕಟ್ಟು ತಂದು ನನ್ನ ಮುಂದಿಟ್ಟರು. ಟೈಪು ಮಾಡಿದ ಲೇಖನ. ಮೇಲೆ ಅವರ ಹೆಸರು, ಪಕ್ಕದಲ್ಲಿ ನನ್ನ ಹೆಸರು. ಜತೆಗೆ ಪತ್ರಿಕೆಯವರ ಕಾಗದ. ಕೆಲಸ ಚೆನ್ನಾಗಿದೆ, ಆದರೆ ಕೆಲವರಿಗೆ ಬಾವಿ ಇಳಿಯಲು ಬಿಡುವುದಿಲ್ಲ, ಎಣಿಸಿದ ವಿದ್ಯಾರ್ಥಿಯೂ ಅವರಲ್ಲೊಬ್ಬ ಎಂಬ ಎರಡು ಸಾಲು ವಿಜ್ಞಾನಕ್ಕೆ ಬೇಕಿಲ್ಲ. ತೆಗೆದರೆ ಅಚ್ಚು ಹಾಕುತ್ತೇವೆ ಎಂದು ಬರೆದಿದ್ದರು.

"ಅದೊಂದು ಅಚ್ಚಾಗಿದ್ರ ಮ್ಯಾಲಿನ ಹುದ್ದೆಗೆ ಹೋಗ್ತಿದ್ರು" ಎಂದರು ಆ ತಾಯಿ. "ಎರಡ ಸಾಲು, ತಗೀರಿ ಅಂತ ನಾನೂ ಹೇಳಿದ್ದೆ. ಅವು ತಗದ್ರ ಉಳದಿದ್ದೆಲ್ಲಾ ಸುಳ್ಳಾಗ್ತದ ಅಂದ್ರು. ನಿಮಗ ಮಾತ್ರ ಹೇಳಬ್ಯಾಡ ಅಂದಿದ್ರು."