ಅಕ್ಕೋರ ಅರಿಷಿಣದ ಪಾಠ

ರೇಣುಕಾ, ಮಲ್ಲು, ನಿನ್ನೆ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಹಳದಿ ಕಾಗದದ ಚೂರು ನನ್ನ ಕೈಗೆ ಸಿಕ್ಕಿತು. ಮೂಸಿ ನೋಡಿದೆ. ಅರಿಷಿಣ. ಒಂದು ತುದಿ ಕೆಂಪಾಗಿತ್ತು. "ಅಜ್ಜೀ, ಒಗೀಬ್ಯಾಡ, ಅದು ನಮ್ಮ ಸೈನ್ಸಿನ ಪ್ರಯೋಗದ್ದು" ಎಂದು ರೇಣುಕಾ ಕೂಗಿದಳು. ಒಗೆಯುವುದಾದರೂ ಹೇಗೆ... ಆ ವಾಸನೆಯ ಹಿಂದೆಯೇ ಅಕ್ಕೋರು ಬಂದು ಬಾಗಿಲಲ್ಲಿ ನಿಂತ ಹಾಗಾಯಿತು.

ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ದೇವದುರ್ಗದ ಅರಳೆ ವ್ಯಾಪಾರಿಯೊಬ್ಬರ ಮಗಳು. ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿ, ರಾಯಚೂರಿನ ಕಾಲೇಜಿಗೆ ಕಲಿಸಲು ಬಂದಿದ್ದರು. ಅದೇ ಕಾಲೇಜಿನ ಲ್ಯಾಬಿನಲ್ಲಿ ನಿಮ್ಮ ಅಜ್ಜ ಜವಾನರಾಗಿದ್ದರು. ಎಪ್ಪತ್ತರ ದಶಕದ ನಡುವೆ ಅವರು ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ತೊದಲು ಮಾತಾಡುತ್ತಿದ್ದ. ಅಕ್ಕೋರು ನಮ್ಮ ಮನೆಯ ಹಿಂದಿನ ಖೋಲಿಗೆ ಬಾಡಿಗೆಗೆ ಬಂದದ್ದು ಆಮೇಲೆ. ಆಸರೆಯಾಗಲೆಂದೇ ಬಂದರು ಎಂದು ನನಗೆ ತಿಳಿಯಲು ತಡವಾಯಿತು. ಅವರ ಸೀರೆಗಳಲ್ಲಿ ಆಸಿಡ್ ಸಿಡಿದ ಸಣ್ಣ ಸಣ್ಣ ತೂತು. ಬಿಸಿಲಿಗೆ ಒಣಹಾಕಿದರೆ ನೆಲದ ನೆರಳಿನಲ್ಲಿ ಚುಕ್ಕಿ ಮೂಡಿದ ಹಾಗೆ ಕಾಣುತ್ತಿತ್ತು...

ಭಾನುವಾರ ಬಂತೆಂದರೆ ಅವರು ಬಸ್ಸು ಹಿಡಿದು ಗೂಗಲ್, ನೀರಮಾನ್ವಿ ಎಂದು ಹಳ್ಳಿಯ ಶಾಲೆಗಳಿಗೆ ಹೋಗಿ, ರಜೆಯ ದಿನವೂ ಮಕ್ಕಳನ್ನು ಕೂಡಿಸಿ ವಿಜ್ಞಾನ ಹೇಳುವರು. ಲ್ಯಾಬಿಲ್ಲದ ಶಾಲೆಗೆ ವಿಜ್ಞಾನ ಯಾಕೆ ಎಂದು ಮೇಲಿನವರು ಕೇಳುತ್ತಿದ್ದ ಕಾಲ. ಮನೆಯಲ್ಲಿರುವ ವಸ್ತುಗಳಿಂದಲೇ ಕಲಿಸಬಹುದು ಎಂಬುದು ಅಕ್ಕೋರ ಹಟ. ಕೊನೆಗೆ ದಿಲ್ಲಿಯಿಂದಲೇ ಇಬ್ಬರು ಸಾಹೇಬರು ನೋಡಲು ಬರುವುದಾಯಿತು. ಅವರು ಒಪ್ಪಿದರೆ ಹಳ್ಳಿಗಳಲ್ಲಿ ಪಾಠ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಅಕ್ಕೋರು ಆರಿಸಿದ್ದು ನನ್ನ ತವರು ಮಲ್ಲಟವನ್ನು. ನನ್ನನ್ನೂ ಕರೆದುಕೊಂಡು ಹೋದರು.

ಶಾಲೆಯ ಕಟ್ಟೆಯ ಮೇಲೆ ಒಂದು ತಟ್ಟೆಯಲ್ಲಿ ಅರಿಷಿಣದ ನೀರು, ಬಟ್ಟಲಲ್ಲಿ ತಿಳಿಸುಣ್ಣ, ಪಕ್ಕದಲ್ಲಿ ನಿಂಬೆಹಣ್ಣು ಇಟ್ಟು ಅಕ್ಕೋರು ಹುಡುಗಿಯರನ್ನು ಸಾಲಾಗಿ ಕೂಡಿಸಲು ಒಳಗೆ ಹೋದರು. ಅಷ್ಟರಲ್ಲಿ ಜೀಪು ಬಂತು. ತಟ್ಟೆ ಕಂಡ ನಮ್ಮೂರ ಹೆಂಗಸರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಸುಣ್ಣವನ್ನು ಅರಿಷಿಣಕ್ಕೆ ಸುರಿದು, ಕೆಂಪಾರತಿ ಮಾಡಿ, ಸಾಹೇಬರಿಗೆ ಬೆಳಗಿ, ಜೀಪಿನ ಗಾಲಿಯ ಮುಂದೆ ಚೆಲ್ಲಿಯೇಬಿಟ್ಟರು!

ಹೊರಗೆ ಬಂದ ಅಕ್ಕೋರು ಕೆಂಪಾದ ನೆಲವನ್ನೇ ನೋಡುತ್ತ ನಿಂತರು. ಸಾಹೇಬರೊಬ್ಬರು ಗಡಿಯಾರ ನೋಡಿಕೊಂಡರು.

"ಯವ್ವಾ, ನನ್ನ ಪಾಠಾನ ಚೆಲ್ಲಿಬಿಟ್ರಲ್ಲಾ!" ಎಂದು ಅಕ್ಕೋರು ನಕ್ಕುಬಿಟ್ಟರು. "ಇರಲಿ. ಯಾರ ಮನ್ಯಾಗ ಅರಿಷಿಣ ಅದ? ಯಾರ ಮನ್ಯಾಗ ಸುಣ್ಣ ಅದ?"

ಹುಡುಗಿಯರು ಓಡಿದರು. ಎಲ್ಲರ ಮನೆಯಲ್ಲೂ ಇತ್ತು. ಕಟ್ಟೆ ತುಂಬಿತು.

"ನೀ ಬಾಬೇ, ಕಲಸು" ಎಂದು ಅಕ್ಕೋರು ಕರೆದದ್ದು ನನ್ನನ್ನು. ನಾನು ಕಂಬದ ಮರೆಯಲ್ಲಿದ್ದೆ.

"ಆಕಿ ಕೈಲೆ ಬ್ಯಾಡ್ರಿ ಅಕ್ಕೋರ" ಎಂದಳು ನಮ್ಮ ಅತ್ತಿಗೆ, ಮೆಲ್ಲಗೆ. "ಗಂಡ ಸತ್ತಾಕಿ. ಕೆಂಪಾರತಿ ಮುಟ್ಟಬಾರದು."

"ಇದು ಆರತಿ ಅಲ್ಲವ್ವಾ, ಪಾಠ. ಸುಣ್ಣಕ್ಕ ಯಾರ ಕೈ ಅಂತ ಗೊತ್ತಾಗತದೇನು?"

ನಾನು ಹೇಗೆ ಹೋದೆನೋ... ಸುಣ್ಣದ ನೀರು ಹನಿಸಿದೆ. ಹಳದಿಯೊಳಗೆ ಕೆಂಪು ಹೊಗೆಯ ಹಾಗೆ ಇಳಿಯಿತು, ಹರಡಿತು, ತಟ್ಟೆಯೆಲ್ಲ ಕೆಂಪಾಯಿತು. ಎಷ್ಟೋ ಕಾಲದ ಮೇಲೆ ನನ್ನ ಕೈಯಿಂದ ಆ ಬಣ್ಣ ಎದ್ದಿತ್ತು. ಕನಸಿನಲ್ಲಿ ಬೇರೆ ಯಾರದೋ ಕೈ ನೋಡಿದ ಹಾಗೆ ನನ್ನ ಕೈಯನ್ನೇ ನೋಡುತ್ತ ನಿಂತೆ.

ಆಮೇಲೆ ನಿಂಬೆಹಣ್ಣು ಹಿಂಡಿಸಿದರು. ಕೆಂಪು ಹೋಗಿ ಮತ್ತೆ ಹಳದಿ. "ಯಾಕ್ರೀ ಅಕ್ಕೋರ? ಯಾಕ?" ಎಂದು ಹುಡುಗಿಯರು ಮುಗಿಬಿದ್ದರು. ದಿಲ್ಲಿಯ ಹಿರಿಯ ಸಾಹೇಬರು ಕುಕ್ಕರುಗಾಲಲ್ಲಿ ಕೂತು ತಾವೂ ಒಂದು ಹೋಳು ಹಿಂಡಿದರು. ರಸ ಅವರ ಕಣ್ಣಿಗೇ ಸಿಡಿಯಿತು. "ಪಾಪ, ಮನ್ಯಾಗ ಹೇಂತಿ ಹಿಂಡಿಕೊಡ್ತಿರಬೇಕು" ಎಂದಳು ಒಬ್ಬ ಮುದುಕಿ. ಅಕ್ಕೋರು ಹಿಂದಿಯಲ್ಲಿ ತಿಳಿಸಿದಾಗ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಪಾಠ ಉಳಿಯಿತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅಕ್ಕೋರಿಗೆ ದಿಲ್ಲಿಯಿಂದ ಕರೆ ಬಂತು. ದೇಶದ ಶಾಲೆಗಳಲ್ಲಿ ವಿಜ್ಞಾನ ಹೇಗೆ ಕಲಿಸಬೇಕೆಂದು ಹೇಳುವ ಕೆಲಸ. "ಬಾಟ್ಲಿ ಬಿಟ್ಟು ಫೈಲ್ ಹಿಡ್ಯಾಕ ಹೊಂಟೀನಿ ನೋಡು" ಎಂದರು. ನಗುತ್ತಿದ್ದರು, ಆದರೆ ಲ್ಯಾಬಿನ ಕೀಲಿಕೈ ಒಪ್ಪಿಸಿ ಬಂದ ದಿನ ಅವರು ಊಟ ಮಾಡಲಿಲ್ಲ.

ಹೊರಡುವ ಬೆಳಿಗ್ಗೆ ಓಣಿಯವರೆಲ್ಲ ನೆರೆದಿದ್ದರು. ನಾನು ಒಳಗೆ ಹೋಗಿ ಅರಿಷಿಣ ಕಲಸಿ, ಸುಣ್ಣ ಹನಿಸಿ, ತಟ್ಟೆ ಹಿಡಿದು ಹೊಸ್ತಿಲಿಗೆ ಬಂದೆ. ಎಲ್ಲರೂ ನನ್ನನ್ನೇ ನೋಡಿದರು.

"ಏನಬೇ, ಪಾಠ ಹೇಳಾಕತ್ತೀಯೇನು?" ಎಂದರು ಅಕ್ಕೋರು.

"ಪಾಠ ಅಲ್ರೀ" ಎಂದೆ. "ಆರತಿ."

ಅವರು ತಲೆಬಾಗಿ ನಿಂತರು. ನಾನು ಬೆಳಗಿದೆ.

ಆಮೇಲೆ ಅವರು ದೊಡ್ಡ ದೊಡ್ಡ ಹುದ್ದೆಗೆ ಏರಿದರು. ಒಮ್ಮೆ ರೇಡಿಯೋದಲ್ಲಿ ಅವರ ದನಿ ಕೇಳುತ್ತ ನಿಂತೆ, ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು. ಹಬ್ಬಕ್ಕೆ ಕಾಗದ ಬರೆಯುತ್ತಿದ್ದರು. ಕಾಗದ ನಿಂತಿತು... ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ, ಬಸ್ ನಿಲ್ದಾಣದಲ್ಲಿ, ಯಾರದೋ ಬಾಯಿಂದ. ಅಳಲು ಅಲ್ಲಿ ಜಾಗವಿರಲಿಲ್ಲ. ಮನೆಗೆ ಬಂದು ಹಿಂದಿನ ಖೋಲಿಯ ಕದ ತೆರೆದು ಕೂತೆ.

ನಿಮ್ಮ ಪುಸ್ತಕದಲ್ಲಿ ಈಗ ಆ ಪಾಠವಿದೆ. ಅವರ ಹೆಸರಿಲ್ಲ, ನಾನೂ ಬರೆದಿಲ್ಲ. ಹೆಸರು ಹಿಡಿದು ನಾವು ಯಾವತ್ತೂ ಕರೆದವರಲ್ಲ.

ಮಕ್ಕಳೇ, ಇದನ್ನು ಅಡುಗೆಯ ನಡುನಡುವೆ ಬರೆದಿದ್ದೇನೆ. ಹಾಳೆಗಳಿಗೆಲ್ಲ ನನ್ನ ಬೆರಳಿನ ಅರಿಷಿಣ ಹತ್ತಿದೆ. ನೀರು ತಾಗಿಸಬೇಡಿ. ಸುಣ್ಣ ಬಳಿದ ಗೂಡಿನಲ್ಲಿ ಇಡಬೇಡಿ. ನಿಮ್ಮ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಬಟ್ಟೆ ಸುತ್ತಿ, ಜೋಪಾನವಾಗಿಡಿ. ಎಂದಾದರೂ ತೆರೆದಾಗ ಒಂದು ಮೂಲೆ ಕೆಂಪಾಗಿದ್ದರೆ ಹೆದರಬೇಡಿ... ಯಾಕೆಂದು ನಿಮಗೆ ಗೊತ್ತಿದೆ.